ಡೈರಿ ಜಗಲಿಯಲ್ಲಿ ಕೇಳಿಸಿದ ಇಂಗ್ಲಿಷ್

ಆ ಧ್ವನಿ ಪ್ರತಿಮಾಳದಲ್ಲ. ಏಳನೇ ತರಗತಿಯ ಇಂಗ್ಲಿಷ್ ಪಾಠವನ್ನು ನಿಮ್ಮ ಮಗಳು ಓದುತ್ತಿದ್ದಾಳೆ, ಕೇಳಿ ಎಂದು ಇಡೀ ಒಂದು ವರ್ಷ ನಾನು ಅವಳ ತಾಯಿಗೆ ಕಳಿಸಿದ ಧ್ವನಿ — ಆ ತಾಯಿ ಊರವರ ಮುಂದೆ ಫೋನು ಎತ್ತಿ ಹಿಡಿದು ಕೇಳಿಸಿದ ಧ್ವನಿ — ನನ್ನ ಮಗಳದ್ದು. ಓದಿಸಿದವಳು ನಾನು. ಕಳಿಸಿದವಳು ನಾನು. ಯಾರಿಗೂ ಹೇಳಬೇಡ ಎಂದು ಒಬ್ಬ ಪುಟ್ಟ ಹುಡುಗಿಯ ಬಾಯಿ ಕಟ್ಟಿದವಳೂ ನಾನೇ.

ಇಲ್ಲಿರುವ ಹೆಸರುಗಳನ್ನು ಬದಲಿಸಿದ್ದೇನೆ, ಆ ಹಳ್ಳಿಯ ಹೆಸರನ್ನು ಬರೆದಿಲ್ಲ. ನನ್ನನ್ನು ಮುಚ್ಚಿಟ್ಟುಕೊಳ್ಳಲಿಕ್ಕಲ್ಲ. ಆ ಹುಡುಗಿಗೆ ನನ್ನಿಂದ ಆದದ್ದೇ ಸಾಕು.

ನಾನು ಆಗ ಹೊಸನಗರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಮನೆ ತೀರ್ಥಹಳ್ಳಿಯಲ್ಲಿ. ವಾರವೆಲ್ಲ ಶಾಲೆಯ ಹತ್ತಿರದ ಒಂದು ಬಾಡಿಗೆ ಕೋಣೆ, ಒಂದು ಗ್ಯಾಸ್ ಒಲೆ, ಸೋಮವಾರ ಮನೆಯಿಂದ ತಂದ ಚಟ್ನಿಪುಡಿ ಗುರುವಾರದವರೆಗೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದರೆ ಊಟದ ಹೊತ್ತು ಮೀರಿ ಮನೆ. ಗಂಡ ಅನ್ನಕ್ಕೆ ಮುಚ್ಚಳ ಮುಚ್ಚಿಟ್ಟಿರುತ್ತಿದ್ದರು. ಮಗಳು ಮೇಧಾ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ತರಗತಿಯಲ್ಲೇ ಇದ್ದಳು — ನಾನು ಬೇರೆಯವರ ಮಕ್ಕಳಿಗೆ ಕಲಿಸುವ ತರಗತಿ, ನನ್ನ ಮಗಳು ನಾನಿಲ್ಲದೆ ಕಲಿಯುವ ತರಗತಿ. ಅದನ್ನೂ ಆಗಾಗ ಯೋಚಿಸುತ್ತಿದ್ದೆ.

ಕೊರೊನಾ ಕಾಲ ಮುಗಿದು ಶಾಲೆ ಸರಿಯಾಗಿ ಶುರುವಾದ ವರ್ಷ ಅದು. ಮೊದಲ ಪೋಷಕರ ಸಭೆಯಲ್ಲಿ ನಾನು ಏನೇನು ಕಲಿಸುತ್ತೇನೆ ಎಂದು ಉದ್ದಕ್ಕೆ ಹೇಳಿ ಕೂತೆ. ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಲಲಿತಕ್ಕ, ಪ್ರತಿಮಾಳ ತಾಯಿ. ಗಂಡ ಲಾರಿಗೆ ಹೋಗುವವನು, ಊರಲ್ಲಿರುವುದು ಕಡಿಮೆ. ಎರಡು ದನ ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ ಮನೆ ನಡೆಸುವವಳು ಅವಳೇ.

"ಲೆಕ್ಕ ಆದ್ರೆ ತಪ್ಪೋ ಸರಿಯೋ ನಾವೂ ನೋಡ್ತೀವಿ. ಕನ್ನಡ ಆದ್ರೆ ಓದ್ಸಿ ಕೇಳ್ತೀವಿ. ಇಂಗ್ಲಿಷು ನಮ್ ಮಕ್ಳಿಗೆ ಬರ್ತಾ ಉಂಟಾ ಇಲ್ವಾ ಅಂತ ನಮಗೆ ಗೊತ್ತಾಗೋದು ಹೆಂಗೆ ಟೀಚರ್? ನಾನು ಏಳಕ್ಕೇ ಬಿಟ್ಟವಳು. ಆಸ್ಪತ್ರೆ ಚೀಟಿ ಓದಕ್ಕೂ ಇನ್ನೊಬ್ರ ಮುಂದೆ ಹಿಡೀಬೇಕು."

ಎಷ್ಟು ನ್ಯಾಯವಾದ ಪ್ರಶ್ನೆ. ಅಷ್ಟು ನೇರವಾಗಿ ನನ್ನನ್ನು ಯಾವ ಅಧಿಕಾರಿಯೂ ಕೇಳಿರಲಿಲ್ಲ. ಮನೆಯವರಿಗೆ ಎಲ್ಲವನ್ನೂ ತಿಳಿಸಬೇಕು ಎಂದು ಆವತ್ತೇ ನಿರ್ಧರಿಸಿದೆ. ತರಗತಿಯ ವಾಟ್ಸಾಪ್ ಗುಂಪಿಗೆ ವಾರಕ್ಕೊಮ್ಮೆ ನನ್ನ ಧ್ವನಿಯಲ್ಲಿ ಒಂದು ಸಂದೇಶ: ಈ ವಾರ ಯಾವ ಪಾಠ, ಅದರ ಕಥೆ ಕನ್ನಡದಲ್ಲಿ ಇಷ್ಟು, ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಅದರ ಹಿಂದೆ ಒಬ್ಬೊಬ್ಬ ಮಗುವೂ ಪಾಠದ ನಾಲ್ಕಾರು ಸಾಲು ಓದಿದ ಧ್ವನಿ, ಮಗುವಿನ ಹೆಸರು ಹಾಕಿ. ಶುಕ್ರವಾರ ಶಾಲೆಯಲ್ಲಿ ಓದಿಸಿ ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದೆ. ಶನಿವಾರ ಸಂಜೆ ತೀರ್ಥಹಳ್ಳಿಯಿಂದ ಕಳಿಸುತ್ತಿದ್ದೆ. ಯಾಕೆಂದರೆ ಆ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಏರಿನ ಮೇಲಿದ್ದ ಡೈರಿಯ ಜಗಲಿಯಲ್ಲಿ ಮಾತ್ರ.

ಭಾನುವಾರ ಬೆಳಿಗ್ಗೆ ಹಾಲು ಹಾಕಲು ಬಂದವರ ಫೋನಿಗೆ ಒಂದರ ಹಿಂದೆ ಒಂದು ಸಂದೇಶ ಇಳಿಯುತ್ತಿತ್ತು. ಇಳಿದದ್ದನ್ನು ಮನೆಗೆ ಒಯ್ದು ಕೇಳಬಹುದು, ನಿಜ. ಅಷ್ಟು ತಾಳ್ಮೆ ಯಾರಿಗೆ? ಕ್ಯಾನು ಪಕ್ಕಕ್ಕಿಟ್ಟು ಅಲ್ಲೇ, ಎಲ್ಲರಿಗೂ ಕೇಳುವಂತೆ ಹಾಕುವುದು. ಮಕ್ಕಳಿಲ್ಲದ ಮನೆಯವರೂ ಬರುತ್ತಿದ್ದರಂತೆ. ಒಬ್ಬ ಅಜ್ಜ ಸೋಮವಾರ ಶಾಲೆಯ ಗೇಟಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದ್ದ. "ಅಕ್ಕೋರೇ, ಆ ನರಿ ಕತೆ ಅರ್ಧಕ್ಕೇ ನಿಲ್ಸಿಬಿಟ್ರಿ. ಮುಂದೆ ಎಂತ ಆಯ್ತು ಹೇಳಿ ಹೋಗಿ" ಎಂದು. ತಡವರಿಸಿ ಓದಿದ ಮಕ್ಕಳ ಅಪ್ಪಂದಿರಿಗೆ ಜಗಲಿಯಲ್ಲಿ ಗೇಲಿ ತಪ್ಪುತ್ತಿರಲಿಲ್ಲ. ನಿನ್ನ ಮಗನ ಇಂಗ್ಲಿಷ್ ಕೇಳಿ ನಮ್ಮ ಎಮ್ಮೆ ಹಾಲು ಕೊಡದೆ ಏರಿಸಿಕೊಂಡಿತು ಮಾರಾಯ — ಇಂಥ ಮಾತು. ನಗುತ್ತಲೇ ಹೇಳುತ್ತಿದ್ದರು, ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಆದರೂ ಮುಂದಿನ ವಾರ ಆ ಹುಡುಗ ಗಟ್ಟಿಯಾಗಿ ಓದುತ್ತಿದ್ದ. ಇದನ್ನು ಕಂಡು ನನಗೆ ಹೆಮ್ಮೆಯಾಗಿತ್ತು. ಒಂದು ಊರು ಭಾನುವಾರದ ಬೆಳಿಗ್ಗೆ ನಿಂತು ನನ್ನ ಪಾಠ ಕೇಳುತ್ತಿದೆ — ಯಾವ ಟೀಚರಿಗೆ ಆಗದು ಹೇಳಿ.

ಪ್ರತಿಮಾಳ ಸರದಿ ಬಂದಾಗ ಮೊದಲ ಶುಕ್ರವಾರ ಅವಳಿಗೆ ನೆಗಡಿ ಎಂದು ಬಿಟ್ಟೆ. ಎರಡನೇ ಸಲ ಅಡುಗೆ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಕೂರಿಸಿ ಪುಸ್ತಕ ಕೊಟ್ಟೆ. ಪುಟವನ್ನೇ ನೋಡುತ್ತಿದ್ದಳು. ಬೆರಳು ಒಂದೇ ಪದದ ಕೆಳಗೆ ಹೋಗುತ್ತಿತ್ತು, ಬರುತ್ತಿತ್ತು. ನಾನು ಬೈಯಲಿಲ್ಲ. ಮೆಲ್ಲಗೆ ಕೇಳಿದೆ. "ಅಕ್ಷರ ಕೂತಲ್ಲಿ ಕೂರಲ್ಲ ಟೀಚರ್" ಎಂದಳು.

ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರು ತರಗತಿಯಲ್ಲಿರಲಿಲ್ಲ. ಕಥೆ ಹೇಳಿದರೆ ಒಂದು ಪದ ಬಿಡದೆ ವಾಪಸು ಹೇಳುತ್ತಿದ್ದಳು. ಕನ್ನಡವನ್ನೂ ಊಹೆಯ ಮೇಲೆ, ನೆನಪಿನ ಮೇಲೆ ಹೇಗೋ ದಾಟಿಸುತ್ತಿದ್ದಳು ಎಂದು ನನಗೆ ಆವತ್ತು ಅರ್ಥವಾಯಿತು. ಇಂಥ ಮಕ್ಕಳಿದ್ದಾರೆ, ಅವರಿಗೆ ಬೇರೆ ರೀತಿ ಕಲಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಳಿದ್ದು ನನಗೆ ನೆನಪೂ ಇತ್ತು. ಅವಳ ತಾಯಿಗೆ ಹೇಳಬೇಕಾಗಿದ್ದದ್ದು ಆಗ. ಲಲಿತಕ್ಕ, ನಿಮ್ಮ ಮಗಳಿಗೆ ಹೀಗಿದೆ, ದಡ್ಡತನವಲ್ಲ, ನಾವಿಬ್ಬರೂ ಸೇರಿ ನೋಡೋಣ — ಇಷ್ಟೇ. ಎಲ್ಲವನ್ನೂ ತಿಳಿಸುತ್ತೇನೆ ಎಂದು ಹೊರಟವಳು ತಿಳಿಸಲೇಬೇಕಾದ ಒಂದೇ ಒಂದು ಮಾತನ್ನು...

ಆ ಶನಿವಾರ ಮನೆಯಲ್ಲಿ ಒಬ್ಬೊಬ್ಬರದ್ದೇ ಧ್ವನಿ ಕಳಿಸುತ್ತ ಬಂದೆ. ಪ್ರತಿಮಾಳದ್ದು ಹಾಕಿ ಕೇಳಿದೆ. ಉಸಿರು, ಪುಟ ತಿರುಗಿಸಿದ ಸದ್ದು, "ದ... ದ..." ಅಷ್ಟೇ. ಇದನ್ನು ಕಳಿಸುವುದು ಹೇಗೆ? ಕಳಿಸದಿದ್ದರೆ ಎಲ್ಲರ ಹೆಸರೂ ಬಂದು ಅವಳೊಬ್ಬಳದ್ದೇ ಇಲ್ಲದಿರುವುದು ಜಗಲಿಗೆಲ್ಲ ಗೊತ್ತಾಗುತ್ತದೆ. ಎದುರಿಗೆ ಮೇಧಾ ಚುರುಮುರಿ ತಿನ್ನುತ್ತ ಕೂತಿದ್ದಳು. ಅವಳೂ ಕೇಳಿಸಿಕೊಂಡಳು. "ಪಾಪ, ಕೊಡಮ್ಮ, ನಾನು ಓದಿಕೊಡ್ತೀನಿ" ಎಂದಳು. ಮಕ್ಕಳಾಟದ ಮಾತು ಅದು. ದೊಡ್ಡವಳಾದ ನಾನು ಪುಸ್ತಕ ಅವಳ ಕಡೆಗೆ ತಳ್ಳಿದೆ. ಸ್ವಲ್ಪ ನಿಧಾನಕ್ಕೆ ಓದು ಎಂದೆ. ನಡುವೆ ಒಂದು ಕಡೆ ತಡವರಿಸು ಎಂದೆ. ಹೌದು — ಅಷ್ಟು ನಾಜೂಕಾಗಿ ಮೋಸ ಮಾಡಿದೆ.

ಒಂದೇ ವಾರಕ್ಕೆ ಎಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಪ್ರತಿಮಾ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನ ಹಾಲಿನ ಕ್ಯಾನು ಹೊತ್ತು ಅವಳೂ ತಾಯಿಯ ಜೊತೆ ಜಗಲಿಗೆ ಹೋಗಿದ್ದಳು, ತನ್ನ ಹೆಸರಿನಲ್ಲಿ ಯಾರೋ ಓದಿದ್ದನ್ನು ಕೇಳಿದ್ದಳು. ಸುಮ್ಮನೆ ನನ್ನ ಮುಖ ನೋಡಿದಳು. ನಾನೇ ಹೇಳಿದೆ: "ನೀನು ಕಲಿಯೋ ತನಕ ಅಷ್ಟೇ. ಯಾರಿಗೂ ಹೇಳಬೇಡ, ಆಯ್ತಾ?" ಅವಳು ತಲೆಯಾಡಿಸಿದಳು. ಆಮೇಲೆ, "ಅಮ್ಮಂಗೆ ತುಂಬ ಖುಷಿಯಾಗಿತ್ತು" ಎಂದಳು.

ಲಲಿತಕ್ಕನ ಖುಷಿಯನ್ನು ನಾನೂ ಕೇಳಿದೆ, ಊರೆಲ್ಲ ಕೇಳಿತು. ಇಂಗ್ಲಿಷ್ ಮಾತಾಡುವಾಗ ಇದರ ಸ್ವರವೇ ಬೇರೆ ಆಗುತ್ತದೆ ನೋಡಿ ಎಂದು ಹಾಲು ಅಳೆಯುವ ಹುಡುಗನಿಗೆ ಹೇಳಿದಳಂತೆ. ಅವಳಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಟೀಚರ್ ಕಳಿಸಿದ್ದು ಅಂದಮೇಲೆ — ಎಲ್ಲಿಂದ ಬರಬೇಕು?

ಮುಂದಿನ ವಾರ ಧ್ವನಿ ಇಲ್ಲದಿದ್ದರೆ ಯಾಕೆ ಎಂದು ಕೇಳುತ್ತಾರೆ. ಅದರ ಮುಂದಿನ ವಾರವೂ ಹಾಗೆಯೇ. ಪ್ರತಿ ಶನಿವಾರ ಸಂಜೆ ಮೇಧಾ ಓದಿದಳು. ಅವಳಿಗೆ ಬೇಸರವಾದ ದಿನ ನಾನು ಬಜ್ಜಿ ಮಾಡಿಕೊಟ್ಟು ಓದಿಸಿದೆ. ನಡುವೆ ಮೇಲಿನ ಕಚೇರಿಯವರೊಬ್ಬರು ಶಾಲೆಗೆ ಬಂದರು, ಇದೆಲ್ಲ ನೋಡಿ ಬಹಳ ಮೆಚ್ಚಿದರು, ಸುತ್ತಲಿನ ಶಾಲೆಗಳ ಟೀಚರುಗಳ ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸಿದರು. ಉದಾಹರಣೆಗೆ ಎಂದು ನಾನು ಹಾಕಿ ಕೇಳಿಸಿದ ಧ್ವನಿಗಳಲ್ಲಿ ಪ್ರತಿಮಾಳ ಹೆಸರಿನದ್ದೂ ಒಂದು. ಚಪ್ಪಾಳೆ ಬಿತ್ತು. ಅದಾದ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟವಾಯಿತು. ಕಷ್ಟವಾಯಿತು ಎನ್ನುವುದೂ ತಪ್ಪೇ — ನಿಲ್ಲಿಸುವ ಮನಸ್ಸು ನನಗಿರಲಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಮನೆಯಲ್ಲಿ ಲಲಿತಕ್ಕ ಸಂಜೆ ದೀಪ ಹಚ್ಚಿದ ಮೇಲೆ, ಎಲ್ಲಿ, ಡೈರಿಯಲ್ಲಿ ಬಂದಿದ್ದನ್ನು ನನಗೆ ಒಂದ್ಸಲ ಹೇಳು ಎಂದು ಮಗಳನ್ನು ಕೂರಿಸಿಕೊಳ್ಳುತ್ತಿದ್ದಳು. ಪ್ರತಿಮಾ ಆ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಕೇಳಿಯೇ ಕಲಿತು, ಪುಸ್ತಕ ತೆರೆದಿಟ್ಟುಕೊಂಡು ಓದುವವಳಂತೆ ಒಪ್ಪಿಸುತ್ತಿದ್ದಳು. ಮೇಧಾ ಬೇಕೆಂದೇ ತಡವರಿಸಿದ ಕಡೆ ಅವಳೂ ತಡವರಿಸುತ್ತಿದ್ದಳು. ಇದನ್ನು ಅವಳೇ ನನಗೆ ಹೇಳಿದಳು, ಒಂದು ಸೋಮವಾರ, ಸಣ್ಣಗೆ ನಗುತ್ತ. ನನ್ನ ಕಣ್ಣು ಅಲ್ಲಾದರೂ ತೆರೆಯಬೇಕಿತ್ತು. ಕಿವಿಯಿಂದ ಇಷ್ಟು ಕಲಿಯಬಲ್ಲ ಹುಡುಗಿಯನ್ನು ಕಿವಿಯ ದಾರಿಯಿಂದಲೇ ಅಕ್ಷರಕ್ಕೆ ಕರೆತರಬಹುದಿತ್ತು. ಅದಕ್ಕೆ ದಿನವೂ ಅರ್ಧ ಗಂಟೆ ಅವಳ ಪಕ್ಕ ಕೂರಬೇಕಿತ್ತು. ನಾನು ಕೂರಲಿಲ್ಲ. ಮೊದಲು ಒಂದೆರಡು ದಿನ ಕೂತೆ. ಆಮೇಲೆ ಶಾಲೆಯ ಬಿಸಿಯೂಟದ ಲೆಕ್ಕ, ಆ ತರಬೇತಿ, ಈ ಸಭೆ... ಶನಿವಾರದ ಧ್ವನಿ ಹೇಗೂ ಹೋಗುತ್ತಿತ್ತಲ್ಲ. ಸುಳ್ಳು ನಡೆಯುತ್ತಿದ್ದದ್ದರಿಂದ ನಿಜದ ಕೆಲಸ ತುರ್ತು ಅನ್ನಿಸಲಿಲ್ಲ.

ಏಪ್ರಿಲ್ ಬಂತು. ಏಳನೇ ತರಗತಿ ಮುಗಿದು ಮಕ್ಕಳು ಶಾಲೆ ಬಿಡುವ ಹೊತ್ತು. ಉಳಿದವರೆಲ್ಲ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ, ಕನ್ನಡ ಮೀಡಿಯಂಗೆ. ಫಲಿತಾಂಶ ಕೊಟ್ಟ ದಿನ ಲಲಿತಕ್ಕ ಹೂವು ಮುಡಿದು, ಒಂದು ಪೊಟ್ಟಣದಲ್ಲಿ ಹಲಸಿನ ಹಪ್ಪಳ ಕಟ್ಟಿಕೊಂಡು ಬಂದಳು. ಜೊತೆಗೆ ಪ್ರತಿಮಾ. ಲಲಿತಕ್ಕನ ತಮ್ಮ ಸಾಗರದಲ್ಲಿದ್ದಾನೆ, ಮನೆಯಲ್ಲಿಟ್ಟುಕೊಳ್ಳಲು ಒಪ್ಪಿದ್ದಾನೆ, ಅಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕುವುದೆಂದು ಯೋಚನೆ. ಗಂಡ ಬೇಡ ಅಂತಾನೆ, ಊರವರೂ ಯಾಕೆ ಸುಮ್ನೆ ಅಂತಾರೆ ಎಂದೆಲ್ಲ ಹೇಳಿ, ಕೊನೆಗೆ ನನ್ನ ಮೇಜಿನ ಮೇಲೆ ಎರಡೂ ಕೈ ಊರಿದಳು.

"ನಾನು ಯಾರ ಮಾತೂ ಕೇಳಲ್ಲ, ನಿಮ್ಮದೊಂದು ಬಿಟ್ಟು. ನೀವು ಬೇಡ ಅಂದ್ರೆ ಇಲ್ಲೇ ಹಾಕ್ತೀನಿ. ಒಂದೇ ಮಾತು ಹೇಳಿ ಟೀಚರ್. ಇದು ಇಂಗ್ಲಿಷ್ ಮೀಡಿಯಂ ತಡ್ಕಂತದಾ?"

ಪ್ರತಿಮಾ ತಾಯಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟ ಅದು. ಯಾವುದನ್ನು ಹೇಳು ಎಂದು ಬೇಡುತ್ತಿತ್ತು, ಯಾವುದನ್ನು ಹೇಳಬೇಡ ಎಂದು — ಈವರೆಗೂ ನನಗೆ ಗೊತ್ತಾಗಿಲ್ಲ. ಬೇಡ ಎಂದಿದ್ದರೆ ಸಾಕಿತ್ತು. ಕಾರಣವನ್ನೂ ಹೇಳಬೇಕಿರಲಿಲ್ಲ. ದೂರ ಆಗುತ್ತದೆ, ಚಿಕ್ಕವಳು, ಇಲ್ಲೇ ಇರಲಿ — ಇನ್ನೊಂದು ಸಣ್ಣ ಸುಳ್ಳು ಹೇಳಿದ್ದರೂ ಆ ಹುಡುಗಿ ಪಾರಾಗುತ್ತಿದ್ದಳು. ಆದರೆ ಬೇಡ ಎಂದರೆ ಲಲಿತಕ್ಕ ಯಾಕೆ ಎನ್ನುತ್ತಾಳೆ. ಇಷ್ಟು ಚೆನ್ನಾಗಿ ಓದುವವಳಿಗೆ ಯಾಕೆ ಎನ್ನುತ್ತಾಳೆ.

"ತಡ್ಕೊಳ್ತಾಳೆ ಲಲಿತಕ್ಕ" ಎಂದೆ.

ಆ ವರ್ಷವೇ ನನಗೆ ಬೇರೆ ಶಾಲೆಗೆ ವರ್ಗವಾಯಿತು. ಬಿಡುಗಡೆ ಎಂದುಕೊಂಡೆ.

ಸಾಗರದಲ್ಲಿ ನಡೆದದ್ದನ್ನು ನಾನು ತುಂಡು ತುಂಡಾಗಿ ಕೇಳಿದ್ದು. ಎಲ್ಲ ಪಾಠವೂ ಇಂಗ್ಲಿಷ್. ವಿಜ್ಞಾನವೂ, ಅವಳಿಗೆ ಪ್ರಾಣವಾಗಿದ್ದ ಲೆಕ್ಕವೂ. ಲೆಕ್ಕ ಗೊತ್ತು, ಲೆಕ್ಕದಲ್ಲಿ ಏನು ಕೇಳಿದ್ದಾರೆ ಗೊತ್ತಿಲ್ಲ. ಎದ್ದು ನಿಂತು ಓದು ಎಂದರೆ ನಿಂತೇ ಇರುತ್ತಿದ್ದಳಂತೆ. ದಸರಾ ರಜೆಗೆ ಬಂದವಳು ವಾಪಸು ಹೋಗುವುದಿಲ್ಲ ಎಂದು ಕೊಟ್ಟಿಗೆಯಲ್ಲಿ ಕೂತಳು. ತಾಯಿ ಹೊಡೆದು ಬಸ್ಸು ಹತ್ತಿಸಿದಳು. ಆಮೇಲೆ ಆ ಶಾಲೆಯವರು ಲಲಿತಕ್ಕನನ್ನು ಕರೆಸಿ, ನಿಮ್ಮ ಮಗಳಿಗೆ ಒಂದು ವಾಕ್ಯ ಓದಲೂ ಬರುವುದಿಲ್ಲ ಎಂದರು. ಲಲಿತಕ್ಕ ಸುಮ್ಮನೆ ಬರುವವಳಲ್ಲ. ಫೋನು ತೆಗೆದು ಅವರ ಮುಂದೆ ಹಾಕಿದಳು. ಅವರು ಕೇಳಿ, ಇದು ಈ ಹುಡುಗಿಯ ಧ್ವನಿಯಲ್ಲ ಎಂದರಂತೆ. ಪ್ರತಿಮಾಳನ್ನೂ ಕೇಳಿದರು. ಅವಳು, ನನ್ನದೇ ಎಂದಳು.

ನನ್ನದೇ ಎಂದಳು. ಅಲ್ಲಿ ಒಂದು ಮಾತಿಗೆ ಅವಳು ಬಿಡಿಸಿಕೊಳ್ಳಬಹುದಿತ್ತು.

ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟಳು. ಬರುತ್ತಿದ್ದದ್ದನ್ನು ಬೇಕೆಂದೇ ಬಿಟ್ಟಳು, ಸೊಕ್ಕು ಮಾಡಿದಳು ಎಂದು ತಾಯಿ ತಿಂಗಳುಗಟ್ಟಲೆ ಅವಳ ಜೊತೆ ಮಾತಾಡಲಿಲ್ಲವಂತೆ. ಈಗ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸು, ಲಂಗ ಹೊಲಿಯುತ್ತಾಳೆ. ಅಳತೆ ಬರೆದುಕೊಳ್ಳುವುದಿಲ್ಲ. ಒಮ್ಮೆ ಹೇಳಿದರೆ ನೆನಪಿಟ್ಟುಕೊಳ್ಳುತ್ತಾಳೆ ಎಂದು ಊರವರಿಗೆ ಆಶ್ಚರ್ಯ.

ಇಷ್ಟನ್ನು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಕಳೆದ ಚಳಿಗಾಲದಲ್ಲಿ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಲಲಿತಕ್ಕ ಎದುರಾದಳು. ಹಿಂಡಿ ಚೀಲದ ಮೇಲೆ ಕೂತಿದ್ದವಳು ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡಳು. ಎಂತ ಟೀಚರ್, ತಲೆಯೆಲ್ಲ ಬೆಳ್ಳಗಾಯ್ತಲ್ಲ ಎಂದಳು. ಮೇಧಾ ಏನು ಮಾಡುತ್ತಾಳೆ ಎಂದು ಕೇಳಿದಳು, ಪಿಯುಸಿ ಎಂದೆ. ಒಳ್ಳೇದಾಯ್ತು, ನಿಮ್ಮ ಮಕ್ಕಳಲ್ಲವಾ ಎಂದಳು. ಆಮೇಲೆ ಚೀಲದಿಂದ ಫೋನು ತೆಗೆದಳು. ಹೊಸ ಫೋನು. ಅದಕ್ಕೆ ಮೊದಲು ಹಾಕಿಸಿಕೊಂಡದ್ದೇ ಇದನ್ನು ಎಂದು ಒಂದು ಧ್ವನಿ ಹಚ್ಚಿ ನನ್ನ ಕಿವಿಯ ಹತ್ತಿರ ಹಿಡಿದಳು.

ಮೇಧಾ. ಆ ವಯಸ್ಸಿನ ಮೇಧಾ. ಅವಳ ಆಗಿನ ಧ್ವನಿ ನನ್ನ ಮನೆಯಲ್ಲೇ ಉಳಿದಿಲ್ಲ. ಎಲ್ಲವನ್ನೂ ಭಯದಿಂದ ಅಳಿಸಿದ್ದೆ.

"ಹೆಂಗೆ ಓದ್ತಿತ್ತು ನೋಡಿ" ಎಂದಳು ಲಲಿತಕ್ಕ. "ಸಾಗರದಲ್ಲಿ ಇದಕ್ಕೆ ಎಂತ ಆಯ್ತೋ. ನೀವೊಂದ್ಸಲ ಮನೆಗೆ ಬಂದು ಕೇಳಿ ಟೀಚರ್. ನಿಮ್ ಹತ್ರ ಹೇಳಬಹುದು."

ಹೋದೆ. ಆ ಭಾನುವಾರವೇ ಹೋದೆ. ಲಲಿತಕ್ಕ ಹುಲ್ಲು ತರಲು ಹೋಗಿದ್ದಳು. ಪ್ರತಿಮಾ ಕಿಟಕಿಯ ಹತ್ತಿರ ಮಿಷನ್ ತುಳಿಯುತ್ತಿದ್ದಳು. ಎತ್ತರವಾಗಿದ್ದಾಳೆ, ಗಂಟಲಿನಲ್ಲಿ ತಾಯಿಯ ಗಡಸು ಬಂದಿದೆ. ಕೂತ್ಕೊಳ್ಳಿ ಟೀಚರ್ ಎಂದು ಬಟ್ಟೆಯ ತುಂಡುಗಳನ್ನು ಸರಿಸಿದಳು. ನಾನು ಅವಳ ಕೈ ಹಿಡಿಯಲು ಹೋದೆ, ಹಿಡಿಯಲಿಲ್ಲ. ಎಲ್ಲವನ್ನೂ ನಿನ್ನ ಅಮ್ಮನಿಗೆ ಇವತ್ತು ಹೇಳುತ್ತೇನೆ ಎಂದೆ. ಇಷ್ಟು ವರ್ಷ ನೀನು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ — ಕೇಳುವ ಯೋಗ್ಯತೆ ಇಲ್ಲದ ಪ್ರಶ್ನೆ.

ಅವಳು ದಾರ ಕಡಿದು, ಬಟ್ಟೆ ಮಡಚಿಟ್ಟು, ನಿಧಾನಕ್ಕೆ ಹೇಳಿದಳು.

"ಬೇಡ ಟೀಚರ್. ಈಗ ಅಮ್ಮ ನನ್ನ ಸೊಕ್ಕಿನವಳು ಅಂತದೆ. ನೀವು ಹೇಳಿದ್ರೆ ದಡ್ಡಿ ಅಂತದೆ. ಸೊಕ್ಕಿನವಳು ಅನ್ನಿಸ್ಕೊಂಡು ಇದ್ದೋಗ್ತೀನಿ."

ನೀನು ದಡ್ಡಿಯಲ್ಲ ಎಂದೆ. ಅದು ಒಂದು ಬಗೆಯ ತೊಂದರೆ, ಬಹಳ ಮಕ್ಕಳಿಗೆ ಇರುತ್ತದೆ, ಕಲಿಸುವ ಕ್ರಮ ಬೇರೆ, ತಪ್ಪು ನನ್ನದು ಎಂದೆಲ್ಲ ಹೇಳಿದೆ. ಏಳನೇ ತರಗತಿಯ ಹುಡುಗಿಗೆ ಹೇಳಬೇಕಾಗಿದ್ದನ್ನು ಹೊಲಿಗೆ ಮಿಷನ್ನಿನ ಮುಂದೆ ಕೂತವಳಿಗೆ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು, ಗಿರಾಕಿಯ ಮಾತು ಕೇಳಿದ ಹಾಗೆ. "ಅಮ್ಮಂಗೆ ಅದೆಲ್ಲ ಗೊತ್ತಾಗಲ್ಲ" ಎಂದಳು.

ಅಷ್ಟರಲ್ಲಿ ಲಲಿತಕ್ಕ ಹುಲ್ಲಿನ ಹೊರೆ ಅಂಗಳದಲ್ಲಿ ಹಾಕಿ ಒಳಗೆ ಬಂದಳು. ಕೈ ತೊಳೆದು ಚಾ ಕಾಯಿಸಲು ಹೊರಟವಳನ್ನು ತಡೆದು ಕೂರಿಸಿದೆ. ಹುಡುಗಿ ಬೇಡ ಎಂದಿದ್ದಳು. ಆದರೂ ಹೇಳಿದೆ. ಈ ಸಲ ಹೇಳದೆ ಹೋದರೆ ಇನ್ನು ಯಾವತ್ತೂ ಹೇಳಲಾರೆ ಎನ್ನಿಸಿತ್ತು — ನನಗೆ ಎನ್ನಿಸಿತ್ತು. ಆ ಧ್ವನಿ ಮೇಧಾಳದ್ದು ಎಂದೆ. ಪ್ರತಿಮಾಳಿಗೆ ಓದಲು ಬರುತ್ತಲೇ ಇರಲಿಲ್ಲ, ನಾನು ಕಲಿಸಲಿಲ್ಲ, ನಿಮಗೆ ಸುಳ್ಳು ಹೇಳಿದೆ, ತಡ್ಕೊಳ್ತಾಳೆ ಎಂದದ್ದೂ ಸುಳ್ಳು ಎಂದೆ. ಒಂದನ್ನೂ ಬಿಡಲಿಲ್ಲ.

ಲಲಿತಕ್ಕ ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಅವಳ ಕಣ್ಣು ತುಂಬಿತು. ನಂತರ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ನೀವು ದೊಡ್ಡವ್ರು ಟೀಚರ್. ಇದನ್ನ ಉಳಿಸಕ್ಕೆ ನಿಮ್ ಮಗಳ ಹೆಸರನ್ನೂ ಎಳ್ಕೊಂಡ್ರಿ. ನನ್ ಮಗಳ ಸ್ವರ ನನಗೆ ಗೊತ್ತಾಗಲ್ವಾ? ಇದೇ ಜಾಗದಲ್ಲಿ ಕೂತ್ಕೊಂಡು ನನ್ನೆದ್ರೇ ಓದ್ತಿರಲಿಲ್ವಾ?"

ನಿಜವೆಂದು ಆಣೆ ಮಾಡಿ ಹೇಳಿದೆ. ಅವಳು ತಲೆಯಾಡಿಸುತ್ತಲೇ ಇದ್ದಳು, ಮಗುವಿನ ಹಟ ನೋಡಿದ ಹಾಗೆ. ಆಮೇಲೆ ಮಗಳ ಕಡೆಗೆ ತಿರುಗಿದಳು. ನಿನ್ನ ಸೊಕ್ಕಿಗೆ ಎಂಥೆಂಥವರು ಸುಳ್ಳು ಹೇಳುವ ಹಾಗಾಯ್ತು ನೋಡು ಎಂದಳು. ಮಾತು ಬೆಳೆಯಿತು. ಹಳೆಯದೆಲ್ಲ ಬಂತು: ಸಾಗರದಲ್ಲಿ ತಾನು ಪಟ್ಟ ಅವಮಾನ, ತಮ್ಮನ ಹೆಂಡತಿಯ ಮಾತುಗಳು, ಗಂಡ ಆಡಿಕೊಂಡದ್ದು. ಪ್ರತಿಮಾ ಮಿಷನ್ನಿಗೆ ಬಟ್ಟೆ ಕೂರಿಸಿ ತುಳಿಯತೊಡಗಿದಳು. ನೀನಾದರೂ ಹೇಳು ಎಂದು ನಾನು ಅವಳ ಕಡೆ ನೋಡಲಿಲ್ಲ. ಅಷ್ಟಾದರೂ ಮಾಡಿದೆ.

ನನಗೆ ಚಾ ಕೊಟ್ಟಳು ಲಲಿತಕ್ಕ. ಹೊರಡುವಾಗ ಒಂದು ಸೌತೆಕಾಯಿಯನ್ನೂ ಚೀಲಕ್ಕೆ ಹಾಕಿದಳು.

ಪ್ರತಿಮಾ ಬಸ್ಸಿನವರೆಗೆ ಬಂದಳು. ದೂರದಲ್ಲಿ ಬಸ್ಸು ಕಂಡಾಗ ಅವಳು ಕೇಳಿದಳು — ಚುಚ್ಚಲಿಕ್ಕಲ್ಲ, ಅವಳಿಗೆ ಆ ಗುಣವೇ ಇಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು.

"ನಿಮಗೆ ಈಗ ಸಮಾಧಾನ ಆಯ್ತಾ ಟೀಚರ್?"

ಬಸ್ಸು ಹತ್ತಿದೆ.

ಮನೆಗೆ ಬಂದು ಮೇಧಾಳಿಗೆ ಎಲ್ಲ ಹೇಳಿದೆ. ಅವಳಿಗೆ ಅದು ಬಜ್ಜಿ ತಿಂದು ಆಡಿದ ಆಟವಾಗಿ ಮಾತ್ರ ನೆನಪಿತ್ತು. ತುಂಬ ಹೊತ್ತು ಅತ್ತಳು. ನಾನು ಬಂದು ಅದೇ ಪಾಠ ಅವರ ಮುಂದೆ ಓದುತ್ತೇನಮ್ಮ, ಆಗ ನಂಬುತ್ತಾರೆ ಎಂದಳು. ನಂಬಬಹುದು. ಅವಳ ಧ್ವನಿ ಅಷ್ಟೇನೂ ಬದಲಾಗಿಲ್ಲ. ಆದರೆ ಅದಾದ ಮೇಲೆ ಆ ಮನೆಯಲ್ಲಿ ಏನು ಉಳಿಯುತ್ತದೆ? ತಾಯಿಗೆ, ಒಂದು ಕಾಲದಲ್ಲಿ ನನ್ನ ಮಗಳು ಹೀಗೆ ಓದುತ್ತಿದ್ದಳು ಎಂಬುದೂ ಇರುವುದಿಲ್ಲ. ಮಗಳಿಗೆ, ಅವಳೇ ಆರಿಸಿಕೊಂಡ ಸೊಕ್ಕಿನವಳು ಎಂಬ ಆ ಹೆಸರೂ ಇರುವುದಿಲ್ಲ. ನಂಬಿಸದೆ ಇದ್ದರೆ ಪ್ರತಿಮಾ ದಿನವೂ ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಾಳೆ. ಯಾವ ಕಡೆ ತಿರುಗಿದರೂ ಪೆಟ್ಟು ಅವಳಿಗೇ ಬೀಳುವ ಹಾಗೆ ಕಟ್ಟಿಟ್ಟಿದ್ದೇನೆ ನಾನು.

ಹಾಗಾಗಿ ಮೇಧಾಳನ್ನು ಕರೆದುಕೊಂಡು ಹೋಗಿಲ್ಲ. ಈ ಸಲ ನನಗೆ ಅನ್ನಿಸಿದ ದಿನ ಹೋಗುವುದಿಲ್ಲ. ಈಗ ಆ ಮನೆಗೂ ಸಿಗ್ನಲ್ ಬರುತ್ತದೆ; ಕಳೆದ ವಾರ ಫೋನು ಮಾಡಿ ಪ್ರತಿಮಾಳಿಗೆ ಇಷ್ಟೇ ಹೇಳಿದೆ: ನೀನು ಬಾ ಎಂದ ದಿನ ನಾವಿಬ್ಬರೂ ಬರುತ್ತೇವೆ, ನಿನ್ನ ಅಮ್ಮನ ಮುಂದೆ ನೀನು ಹೇಳಿ ಎಂದಷ್ಟನ್ನು ಹೇಳುತ್ತೇವೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಆಯ್ತು ಟೀಚರ್ ಎಂದಳು. ಹಿಂದೆ ಮಿಷನ್ ತುಳಿಯುವ ಸದ್ದು ನಿಲ್ಲಲಿಲ್ಲ.

ಅವಳು ಕರೆಯುವುದಿಲ್ಲ. ನನಗೆ ಗೊತ್ತಿದೆ.